ತಾರೀಖಿಗೊಂದು ನೆಪ

ಎಚ್‌ಐವಿ ಇರುವವರಿಗೆ ಉಚಿತವಾಗಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ದಿನಾ ಸಂಜೆ ಬಾಗಿಲು ಹಾಕುವ ಮೊದಲು ಒಂದು ಪಟ್ಟಿ ತಯಾರಾಗುತ್ತದೆ. ಇವತ್ತು ಮಾತ್ರೆ ಒಯ್ಯಲು ಬರಬೇಕಿತ್ತು, ಬರಲಿಲ್ಲ ಎನ್ನುವವರ ಪಟ್ಟಿ. ಮರುದಿನ ಕೌನ್ಸೆಲರ್ ಅದನ್ನು ಹಿಡಿದುಕೊಂಡು ಒಬ್ಬೊಬ್ಬರಿಗೇ ಫೋನ್ ಹಚ್ಚಬೇಕು, ಸಿಕ್ಕ ಉತ್ತರವನ್ನು ಹೆಸರಿನ ಎದುರು ಬರೆಯಬೇಕು. ಉತ್ತರ ಕರ್ನಾಟಕದ ಒಂದು ಜಿಲ್ಲೆಯಲ್ಲಿ ನಾನು ವರ್ಷಗಟ್ಟಲೆ ಮಾಡಿದ ಕೆಲಸ ಇದು. ಕಾಲಂ ಸಣ್ಣದು, ಎರಡು ಪದ ಹಿಡಿಸಿದರೆ ಹೆಚ್ಚು. ಹಾಗಾಗಿ ಉತ್ತರಗಳೂ ಸಣ್ಣವೇ. ಮರೆತಿದ್ದಾರೆ. ಊರಲ್ಲಿಲ್ಲ. ಸ್ವಿಚ್ ಆಫ್. ನಂಬರ್ ಬೇರೆಯವರದು. ನಾಳೆ ಬರುತ್ತಾರಂತೆ.

ತಿಂಗಳ ಕೊನೆಗೆ ಇದೆಲ್ಲ ವರದಿಯಾಗಿ ಮೇಲೆ ಹೋಗುತ್ತದೆ. ಮೇಲಿನಿಂದ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ರೋಗಿಗಳಲ್ಲಿ ಅರಿವು ಮೂಡಿಸಿ. ಅರಿವಿನ ಕೊರತೆ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಮಾತ್ರೆ ಬಿಟ್ಟರೆ ಏನಾಗುತ್ತದೆ ಎಂದು ಕೇಳಿದರೆ ಪಟಪಟನೆ ಸರಿಯುತ್ತರ ಹೇಳಿದವರೇ ಮುಂದಿನ ತಿಂಗಳು ಬಾರದೇ ಉಳಿದದ್ದನ್ನು ಸಾಕಷ್ಟು ನೋಡಿದ್ದೇನೆ. ಅವರಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಅವರ ಹತ್ತಿರ ಖರ್ಚಾಗಿ ಹೋಗಿದ್ದು ಬೇರೆಯೇ ಒಂದು ಸರಕು: ಮನೆಯಲ್ಲಿ ಹೇಳಬೇಕಾದ ನೆಪ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಇದೆ ಎಂದು ಗೊತ್ತಾದವರು ಐಸಿಟಿಸಿ ಎನ್ನುವ ಪರೀಕ್ಷಾ ಮತ್ತು ಸಲಹಾ ಕೇಂದ್ರದಿಂದ ಚೀಟಿ ಹಿಡಿದು ಎಆರ್‌ಟಿ ಕೇಂದ್ರಕ್ಕೆ ಬರುತ್ತಾರೆ. ಅಲ್ಲಿ ನೋಂದಣಿ, ಕೇಂದ್ರದಲ್ಲೇ ಉಳಿಯುವ ದಾಖಲೆಯಾದ ವೈಟ್ ಕಾರ್ಡ್ ತುಂಬುವುದು, ರೋಗಿಯ ಕೈಗೆ ಚಿಕಿತ್ಸೆಯ ವಿವರ ಬರೆದ ಗ್ರೀನ್ ಬುಕ್. ಸಿಡಿ4 ಎಣಿಕೆಗೆ, ಅಂದರೆ ರೋಗನಿರೋಧಕ ಕಣಗಳ ಲೆಕ್ಕಕ್ಕೆ, ರಕ್ತ, ಲಿವರ್ ಕಿಡ್ನಿಗಳ ಪರೀಕ್ಷೆ. ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು ಈ ನಾಲ್ಕು ಪ್ರಶ್ನೆ ಕೇಳಿ ಅನುಮಾನ ಬಂದರೆ ಟಿಬಿಗಾಗಿ ಕಫ, ಎಕ್ಸ್‌ರೇ. ಎಕ್ಸ್‌ರೇ ಯಂತ್ರ ಕೆಟ್ಟಿದ್ದರೆ ನಾಳೆ ಬನ್ನಿ. ಮಾತ್ರೆ ಶುರುವಾದ ಮೇಲೆ ಹದಿನೈದು ದಿನಕ್ಕೆ ಒಮ್ಮೆ ಬಂದು ತೋರಿಸಬೇಕು, ತಿಂಗಳಿಗೆ ಒಮ್ಮೆ, ಮತ್ತೆ ತಿಂಗಳಿಗೆ, ಮತ್ತೆ ತಿಂಗಳಿಗೆ. ಆರು ತಿಂಗಳಿಗೆ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಾಣು ಎಷ್ಟಿದೆ ಎಂಬ ಪರೀಕ್ಷೆ. ಎಲ್ಲ ಸರಿಯಾಗಿ ನಡೆದು ದೇಹ ಹತೋಟಿಗೆ ಬಂತು ಎಂದಾದ ಮೇಲಷ್ಟೇ ಎರಡು ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೈಗೆ ಸಿಗುತ್ತದೆ.

ವೈದ್ಯಕೀಯವಾಗಿ ಈ ಏರ್ಪಾಡು ಸರಿಯೇ. ಅಪಾಯ ಇರುವುದೇ ಮೊದಲ ತಿಂಗಳುಗಳಲ್ಲಿ. ಆದರೆ ಮನೆಯ ಕಡೆಯಿಂದ ನೋಡಿ. ಹತ್ತು ವರ್ಷದಿಂದ ಮಾತ್ರೆ ತಿನ್ನುತ್ತಿರುವ, ಗಂಡ ಮಕ್ಕಳಿಗೆಲ್ಲ ವಿಷಯ ಗೊತ್ತಿರುವ ಹೆಂಗಸು ಮೂರು ತಿಂಗಳಿಗೊಮ್ಮೆ ಬಂದರೆ ಸಾಕು. ಹೋದ ವಾರ ವಿಷಯ ಗೊತ್ತಾಗಿ ಇನ್ನೂ ಅತ್ತು ಮುಗಿದಿಲ್ಲದ, ಮನೆಯಲ್ಲಿ ಯಾರಿಗೂ ಬಾಯಿ ಬಿಟ್ಟಿಲ್ಲದ ಹುಡುಗಿ ಮಾತ್ರ ಹದಿನೈದು ದಿನಕ್ಕೆ, ತಿಂಗಳಿಗೆ ಅಂತ ಎದ್ದುಬರಬೇಕು. ಹೆಚ್ಚು ಸಲ ಬರಬೇಕಾದವಳ ಹತ್ತಿರವೇ ಹೇಳಲು ಕಾರಣಗಳು ಕಡಿಮೆ.

ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಹೋಗುವುದೆಂದರೆ ಸುಮ್ಮನೆ ಹೋಗಿಬರುವ ವಿಷಯವಲ್ಲ. ಬೆಳಗಿನ ಬಸ್ಸಿಗೆ ನಿಂತರೆ ನಾಲ್ಕು ಜನ ಕೇಳುತ್ತಾರೆ, ಯಾವ ಕಡೆ? ಕೇಳುವುದು ನಮ್ಮಲ್ಲಿ ಸಲಿಗೆ, ತಪ್ಪಲ್ಲ. ಹೇಳದೇ ಇದ್ದರೆ ತಪ್ಪು. ಮೊದಲ ಸಲ ಜ್ವರ ಎನ್ನಬಹುದು. ಎರಡನೇ ಸಲ ರಕ್ತ ಕಡಿಮೆ ಐತಿ ಅಂದಾರ ಎನ್ನಬಹುದು. ಮೂರನೆಯದಕ್ಕೆ ಹಲ್ಲುನೋವು. ಒಬ್ಬ ತಂಗಿ ನನ್ನ ಮುಂದೆ ಕೂತು ನಗುತ್ತ ಹೇಳಿದ್ದು ಇದು: "ಅಕ್ಕಾರ, ಹಲ್ಲರ ಎಷ್ಟ ಸಲ ನೋಯಬೇಕ್ರಿ? ನಮ್ಮತ್ತಿ ಈ ಸಲ ಕಿತ್ತಿಸಿಕೊಂಡs ಬಾ ಅಂದಾಳ." ನಗು ಅಲ್ಲಿಗೇ ನಿಂತಿತು. ಅತ್ತೆ ಅನುಮಾನದಿಂದ ಹೇಳಿದ್ದಲ್ಲ, ಸೊಸೆಯ ಮೇಲಿನ ಕಾಳಜಿಯಿಂದಲೇ ಹೇಳಿದ್ದು. ಮುಂದಿನ ತಿಂಗಳು ನಾನೂ ಜೊತೆಗೆ ಬರುತ್ತೇನೆ ಎಂದೂ ಅಂದಿದ್ದಳಂತೆ. ಬೈಯುವ ಅತ್ತೆಗಿಂತ ಕಾಳಜಿ ಮಾಡುವ ಅತ್ತೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಕೂಲಿಯವರದು ಇನ್ನೊಂದು ಪಾಡು. ಮೇಸ್ತ್ರಿಗೆ ಒಂದು ದಿನ ರಜೆ ಎಂದರೆ ಆ ದಿನದ ಕೂಲಿ ಹೋಯಿತು, ಬಸ್ ಚಾರ್ಜ್ ಮೇಲೆ ಬಿತ್ತು. ಅದನ್ನಾದರೂ ತಡೆದುಕೊಳ್ಳುತ್ತಾರೆ. ತಿಂಗಳಿಗೊಂದು ದಿನ ದವಾಖಾನೆ ಎನ್ನುವ ಆಳಿಗೆ ಏನೋ ದೊಡ್ಡ ಜಡ್ಡು ಇದೆ ಎಂಬ ಮಾತು ಸೈಟಿನಲ್ಲಿ ಹಬ್ಬಿದರೆ ಮುಂದಿನ ಕೆಲಸಕ್ಕೆ ಕರೆಯುವವರೇ ಇಲ್ಲ. ಭೇಟಿ ತಪ್ಪಿಸಿದರೆ ಹೋಗುವುದು ಒಂದು ದಿನದ ಮಾತ್ರೆ ಎಂದು ಅವನ ಲೆಕ್ಕ, ಭೇಟಿಗೆ ಹೋದರೆ ಹೋಗುವುದು ಕೆಲಸವೇ. ಆ ಲೆಕ್ಕದಲ್ಲಿ ವೈರಾಣುವಿನ ಬಗ್ಗೆ ಒಂದು ತಪ್ಪಿದೆ, ಮೇಸ್ತ್ರಿಯ ಬಗ್ಗೆ ಇಲ್ಲ.

ನಮ್ಮ ಕಡೆ ಗೌಂಡಿಗಳು, ಎಷ್ಟೋ ರೈತರು ಅಮಾವಾಸ್ಯೆ ದಿನ ಕೆಲಸ ಹಚ್ಚುವುದಿಲ್ಲ. ಸಂತೆ ದಿನ ಊರಿಗೆ ಊರೇ ಪೇಟೆಗೆ ಹೋಗುತ್ತದೆ, ಯಾಕೆ ಹೊರಟೆ ಎಂದು ಯಾರೂ ಕೇಳುವುದಿಲ್ಲ. ಇದು ನನಗೆ ಟ್ರೇನಿಂಗಿನಲ್ಲಿ ಯಾರೂ ಹೇಳಿಕೊಟ್ಟದ್ದಲ್ಲ. ಕೇಂದ್ರದ ಕೇರ್ ಕೋಆರ್ಡಿನೇಟರ್ ಹೇಳಿದ್ದು. ಎಆರ್‌ಟಿ ಕೇಂದ್ರಗಳಲ್ಲಿ ಆ ಹುದ್ದೆಗೆ ಎಚ್‌ಐವಿಯೊಂದಿಗೆ ಬದುಕುತ್ತಿರುವವರನ್ನೇ ತೆಗೆದುಕೊಳ್ಳುತ್ತಾರೆ, ಸರ್ಕಾರ ಮಾಡಿದ ಜಾಣ ಕೆಲಸಗಳಲ್ಲಿ ಅದೂ ಒಂದು. "ತಾರೀಖು ಕೊಡೂ ಮೊದಲ ಅವರ ಊರಿನ ಸಂತಿ ಯಾವತ್ತು ಕೇಳ್ರಿ" ಎಂದರು ಅವರು. ಕಂಪ್ಯೂಟರ್ ಮೂವತ್ತನೇ ದಿನ ಎಂದು ತೋರಿಸುತ್ತದೆ, ನಾವು ಅದನ್ನು ಇಪ್ಪತ್ತೆಂಟನೆಯ ದಿನದ ಸಂತೆಗೆ ಎಳೆದು ತರುತ್ತಿದ್ದೆವು. ಡಬ್ಬಿಯಲ್ಲಿ ಎರಡು ಮಾತ್ರೆ ಹೆಚ್ಚಿಗೆ ಉಳಿದೇ ಇರುತ್ತಿತ್ತು. ತಾರೀಖಿನ ಜೊತೆಗೆ ಅದರ ನೆಪವನ್ನೂ ಕೊಟ್ಟು ಕಳಿಸಿದಂತೆ. ಎಲ್ಲರಿಗೂ ಇದು ಹೊಂದುವುದಿಲ್ಲ, ಸಂತೆಯ ದಿನ ಬಸ್ಸೂ ಕೇಂದ್ರವೂ ಕಿಕ್ಕಿರಿದು ಊರವರೇ ಎದುರಾಗುವ ಭಯವೂ ಇದೆ. ಆದರೂ ಬಹಳ ಜನರಿಗೆ ಕೆಲಸಕ್ಕೆ ಬಂತು.

ದೂರದ ಮಾತಿಗೆ ಬರೋಣ. ಭಾರತ ಸರ್ಕಾರ ಉಚಿತ ಎಆರ್‌ಟಿ ಶುರುಮಾಡಿದ್ದು 2004ರ ಏಪ್ರಿಲ್ 1ರಂದು, ಸೋಂಕು ಹೆಚ್ಚಿದ್ದ ಕೆಲವೇ ರಾಜ್ಯಗಳಲ್ಲಿ. ಅವುಗಳಲ್ಲಿ ಕರ್ನಾಟಕವೂ ಒಂದು. ನಮ್ಮ ರಾಜ್ಯದಲ್ಲಿ ಆಗ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಿಂದ ಅದು ಆರಂಭವಾಯಿತು. ರೋಗ ದಟ್ಟವಾಗಿದ್ದದ್ದು ಬಾಗಲಕೋಟೆ, ಬೆಳಗಾವಿ, ವಿಜಯಪುರದ ಹಳ್ಳಿಗಳಲ್ಲಿ, ಮಾತ್ರೆ ಇದ್ದದ್ದು ಒಂದು ರಾತ್ರಿಯ ಪ್ರಯಾಣದ ಆಚೆ. ನಂತರ ಜಿಲ್ಲೆಗೊಂದು ಕೇಂದ್ರ ಬಂತು, ದೊಡ್ಡ ಜಿಲ್ಲೆಗಳಲ್ಲಿ ಒಂದಕ್ಕಿಂತ ಹೆಚ್ಚು, ತಾಲೂಕು ಆಸ್ಪತ್ರೆಗಳಲ್ಲಿ ಲಿಂಕ್ ಎಆರ್‌ಟಿ ಎಂಬ ಉಪಕೇಂದ್ರಗಳು. 2019ರ ರಾಷ್ಟ್ರೀಯ ಅಂದಾಜಿನ ಪ್ರಕಾರ ದೇಶದ ವಯಸ್ಕರಲ್ಲಿ ಸೋಂಕಿನ ಪ್ರಮಾಣ ಶೇ. 0.22, ಕರ್ನಾಟಕದಲ್ಲಿ ಅದರ ಎರಡು ಪಟ್ಟು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನ. ಅಷ್ಟು ಜನರಿಗೆ ಮಾತ್ರೆಯನ್ನು ಹತ್ತಿರ ತಂದದ್ದು ಸಣ್ಣ ಸಾಧನೆಯಲ್ಲ.

ಆದರೆ ಹತ್ತಿರವಾದಷ್ಟೂ ಬರುತ್ತಾರೆ ಎಂಬ ಲೆಕ್ಕ ಅರ್ಧ ಮಾತ್ರ ನಿಜ. ತಾಲೂಕು ಆಸ್ಪತ್ರೆಯಲ್ಲೇ ಮಾತ್ರೆ ಸಿಗುತ್ತದೆ, ಅಲ್ಲಿಗೆ ವರ್ಗ ಮಾಡಿಕೊಡಲೇ ಎಂದರೆ ಕೈಮುಗಿದು ಬೇಡ ಎಂದವರು ಎಷ್ಟೋ. "ಅಲ್ಲಿ ನಮ್ಮ ಬೀಗರು ಕಾಂಪೌಂಡರ್ ಅದಾರ್ರಿ ಮೇಡಮ್ಮಾರ." ತಾಲೂಕಿನ ಆಸ್ಪತ್ರೆ ಎಂದರೆ ಓಪಿಡಿ ಚೀಟಿ ಬರೆಯುವವನು ಪಕ್ಕದ ಓಣಿಯವನು, ನರ್ಸ್ ಸೋದರಮಾವನ ಮಗಳ ಗೆಳತಿ. ಹಾಗಾಗಿ ಬಾಗಲಕೋಟೆ ಕಡೆಯವರು ಬೆಳಗಾವಿ ಜಿಲ್ಲೆಗೆ, ಅಲ್ಲಿಯವರು ಇಲ್ಲಿಗೆ, ಗಡಿಯವರು ಸಾಂಗ್ಲಿ ಮಿರಜಿಗೆ. ನಕ್ಷೆ ಮುಂದಿಟ್ಟುಕೊಂಡು ನೋಡಿದವರಿಗೆ ಇದು ಹುಚ್ಚಾಟದಂತೆ ಕಾಣುತ್ತದೆ. ನನಗೆ ಕಾಣುವುದು ಹೀಗೆ: ಬಸ್ ಚಾರ್ಜಿನ ಖರ್ಚು ಮತ್ತು ಗುರುತು ಸಿಗುವ ಖರ್ಚು ಎರಡನ್ನೂ ತೂಗಿ ನೋಡಿಯೇ ಅವರು ದೂರವನ್ನು ಆರಿಸಿಕೊಂಡಿದ್ದಾರೆ. ಮೊದಮೊದಲು ದೂರ, ಧೈರ್ಯ ಬಂದ ಮೇಲೆ ಹತ್ತಿರ. ಮೂರ್ನಾಲ್ಕು ವರ್ಷ ಕಳೆದ ಮೇಲೆ ತಾವಾಗಿಯೇ ಬಂದು ತಾಲೂಕಿಗೆ ಬರೆದುಕೊಡಿ ಎಂದವರಿದ್ದಾರೆ. ಅಲ್ಲಿಯವರೆಗೆ ಒತ್ತಾಯ ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೇಂದ್ರದ ಮುಂದಿನ ಬೆಂಚನ್ನು ಗಮನಿಸಿದರೂ ಇದೇ ಕಥೆ. ಬೆಳಿಗ್ಗೆ ಹೊತ್ತು ಬೆಂಚು ಅರ್ಧ ಖಾಲಿ ಇರುತ್ತದೆ, ಎದುರಿನ ಎಕ್ಸ್‌ರೇ ಕೋಣೆಯ ಮುಂದೆ ಜನ. ಅವರಲ್ಲಿ ಅರ್ಧ ಮಂದಿ ನಮ್ಮವರೇ. ಹೆಸರು ಕೂಗಬಾರದು, ನಂಬರ್ ಕೂಗಬೇಕು. ನಂಬರ್ ಕೂಗಿದ ಕೂಡಲೇ ಸೆರಗು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ಒಬ್ಬರು ದಾಟಿ ಬರುತ್ತಾರೆ. ಹೊಸಬರಿಗೆ ಈ ಮೂರು ಮಾರು ದಾಟುವುದೇ ದೊಡ್ಡ ಕೆಲಸ. ಗೇಟಿನವರೆಗೆ ಬಂದು, ಬೆಂಚಿನ ಮೇಲೆ ಪರಿಚಯದ ಮುಖ ಕಂಡು, ಹಾಗೇ ತಿರುಗಿ ಬಸ್ ಹತ್ತಿದವರು ನಮ್ಮ ಪಟ್ಟಿಯಲ್ಲಿ "ಬಂದಿಲ್ಲ" ಎಂದೇ ದಾಖಲಾಗುತ್ತಾರೆ. ಬೆಂಚಿನ ಮೇಲಿದ್ದ ಆ ಪರಿಚಯದವರೂ ಅದೇ ಜಡ್ಡಿಗೆ ಬಂದವರು ಎಂಬುದು ಆ ಗಾಬರಿಯಲ್ಲಿ ಹೊಳೆಯುವುದಿಲ್ಲ.

ಇನ್ನು ಡಬ್ಬಿ. ಮೂವತ್ತು ಮಾತ್ರೆಯ ಬಿಳಿ ಪ್ಲಾಸ್ಟಿಕ್ ಡಬ್ಬಿ, ಮೇಲೆ ಲೇಬಲ್, ಒಳಗೆ ತೇವ ಹೀರುವ ಸಣ್ಣ ಪೊಟ್ಟಣ. ಮಾತ್ರೆ ದಪ್ಪ, ಅಲ್ಲಾಡಿಸಿದರೆ ಗಡಗಡ ಸದ್ದು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಚೀಲದೊಳಗಿಂದ ಆ ಸದ್ದು. ಪಕ್ಕದಲ್ಲಿ ಕೂತವರು "ಏನ್ರಿ ಅದು" ಎನ್ನದೇ ಇರುತ್ತಾರೆಯೇ? ಹಾಗಾಗಿ ಔಷಧಿ ಕೌಂಟರಿನಿಂದ ಹೊರಬಂದ ಕೂಡಲೇ ಹಲವರು ಗೋಡೆಯ ಮರೆಗೆ ಹೋಗಿ ಮಾತ್ರೆಗಳನ್ನು ಪೇಪರಿನಲ್ಲಿ ಸುತ್ತಿಕೊಂಡು, ಡಬ್ಬಿಯನ್ನು ಅಲ್ಲೇ ಕಸದಬುಟ್ಟಿಗೆ ಹಾಕಿ ಹೋಗುತ್ತಿದ್ದರು. ಮಳೆಗಾಲದಲ್ಲಿ ಪೇಪರಿನ ಮಾತ್ರೆ ತೇವಕ್ಕೆ ಹಾಳಾಗುತ್ತದೆ ಎಂದು ಹೇಳಿದರೆ ಕೇಳಿಸಿಕೊಂಡು ತಲೆಯಾಡಿಸಿ ಅದನ್ನೇ ಮಾಡುತ್ತಿದ್ದರು. ಇದಕ್ಕೂ ಉಪಾಯ ಬಂದದ್ದು ಬೆಂಚಿನಿಂದಲೇ. ಒಬ್ಬ ಹಿರಿಯ ಹೆಂಗಸು ಹೊಸಬಳ ಡಬ್ಬಿ ತೆಗೆದುಕೊಂಡು ಮುಚ್ಚಳ ಬಿಚ್ಚಿ, ಮೇಲೆ ಒಂದು ಮುದ್ದೆ ಹತ್ತಿ ತುರುಕಿ, ಲೇಬಲ್ಲನ್ನು ಉಗುರಿನಿಂದ ಕೆರೆದು ತೆಗೆದು, ಅಲ್ಲಾಡಿಸಿ ತೋರಿಸಿದಳು. ಸದ್ದಿಲ್ಲ. "ವಿಟಾಮಿನ್ ಗುಳಿಗಿ ಅಂತ ಹೇಳು" ಎಂದಳು. ಆಮೇಲೆ ನಮ್ಮ ಫಾರ್ಮಸಿಸ್ಟ್ ಕೌಂಟರಿನ ಮೇಲೆ ಹತ್ತಿಯ ಕಟ್ಟು ಇಡಲು ಶುರುಮಾಡಿದ. ಯಾವ ಗೈಡ್‌ಲೈನಿನಲ್ಲೂ ಇದಿಲ್ಲ.

ಫೋನ್ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಎಲ್ಲ ಮೀಟಿಂಗಿನಲ್ಲೂ ಕೊನೆಗೆ ಬರುವ ಪರಿಹಾರ ಅದೇ: ರಿಮೈಂಡರ್ ಮೆಸೇಜ್ ಕಳಿಸಿ. ಮರೆವು ಮುಖ್ಯ ಕಾರಣವಾಗಿದ್ದರೆ ನೆನಪಿಸಿದರೆ ಸಾಕಾಗಬೇಕಿತ್ತು. ಇದನ್ನು ದಕ್ಷಿಣ ಭಾರತದಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ. ಮೊದಲ ಬಾರಿಗೆ ಚಿಕಿತ್ಸೆ ಶುರುಮಾಡಿದ 631 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರವಾರ ಅವರದೇ ಭಾಷೆಯಲ್ಲಿ ಧ್ವನಿಕರೆ ಮತ್ತು ಚಿತ್ರದ ಮೆಸೇಜ್ ಕಳಿಸಿದರು. ಸುಮಾರು ಎರಡು ವರ್ಷ ಹಿಂಬಾಲಿಸಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಫಲಿತಾಂಶ: ಚಿಕಿತ್ಸೆ ಸೋಲುವುದರಲ್ಲಾಗಲಿ, ಮಾತ್ರೆ ತಪ್ಪಿಸುವುದರಲ್ಲಾಗಲಿ ಎರಡು ಗುಂಪಿಗೂ ಗಮನಾರ್ಹ ವ್ಯತ್ಯಾಸವಿಲ್ಲ. ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಆದರೆ ಕೀನ್ಯಾದಲ್ಲಿ ಅದಕ್ಕೂ ಮೊದಲು, 2010ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಮೆಸೇಜ್‌ನಿಂದ ಉಪಯೋಗವಾಗಿತ್ತು. ಅಲ್ಲಿ ವಾರಕ್ಕೊಮ್ಮೆ ನರ್ಸ್ ಕಡೆಯಿಂದ ಹೋಗುತ್ತಿದ್ದ ಮೆಸೇಜಿನಲ್ಲಿ ಮಾತ್ರೆಯ ಸುದ್ದಿಯೇ ಇರಲಿಲ್ಲ. ಸ್ವಾಹಿಲಿಯಲ್ಲಿ "ಮಾಂಬೋ?" ಎಂದಷ್ಟೇ, ಅಂದರೆ ಹೇಗಿದ್ದೀರಿ ಎಂದು. ಚೆನ್ನಾಗಿದ್ದರೆ "ಸಾವಾ" ಎಂದು ಉತ್ತರಿಸಬೇಕು, ತೊಂದರೆ ಇದ್ದರೆ "ಶೀದಾ". ಶೀದಾ ಎಂದವರಿಗೆ, ಉತ್ತರವೇ ಬಾರದವರಿಗೆ ನರ್ಸ್ ಫೋನ್ ಮಾಡುತ್ತಿದ್ದಳು. ಎರಡೂ ಕಡೆ ಫೋನ್ ಒಂದೇ. ನಮ್ಮಲ್ಲಿ ಯಂತ್ರ ನೆನಪಿಸಿತು, ಅಲ್ಲಿ ಒಬ್ಬಳು ವಿಚಾರಿಸಿದಳು. ಮೆಸೇಜನ್ನು ಗಂಡನೋ ಮಗನೋ ತೆರೆದು ನೋಡಿದರೂ ಅದರಲ್ಲಿ ಅಡಗಿಸಬೇಕಾದ್ದು ಏನೂ ಇರಲಿಲ್ಲ ಎಂಬುದೂ ಸಣ್ಣ ವಿಷಯವಲ್ಲ.

ನಮ್ಮಲ್ಲಿ ಮನೆಗೊಂದೇ ಫೋನ್ ಇದ್ದ ಕಾಲ ಪೂರ್ತಿ ಹೋಗಿಲ್ಲ. ಹೆಂಗಸರು ಕೊಟ್ಟ ನಂಬರು ಹಲವು ಸಲ ಗಂಡನದು, ಮೈದುನನದು. ಎತ್ತಿದವರು ಯಾರೆಂದು ತಿಳಿಯುವ ಮುಂಚೆ ನಾನು ಎಲ್ಲಿಂದ ಮಾತಾಡುತ್ತಿದ್ದೇನೆ ಎಂದು ಹೇಳುವಂತಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ, ಒಪ್ಪಿಗೆಯಿಲ್ಲದೆ ಒಬ್ಬರ ಸ್ಥಿತಿಯನ್ನು ಬಾಯಿಬಿಡುವುದು ಅದರ ಪ್ರಕಾರ ತಪ್ಪು. ಕಾಯ್ದೆ ಬರುವ ಮೊದಲೂ ಅದನ್ನು ಪಾಲಿಸಿದ್ದು ಹೆದರಿಕೆಯಿಂದ: ನನ್ನ ಒಂದು ತಪ್ಪು ಮಾತಿನಿಂದ ಒಬ್ಬಳು ಮನೆ ಬಿಡಬೇಕಾದೀತು. ಸ್ವಸಹಾಯ ಸಂಘದ ಅಕ್ಕ, ಟೈಲರಿಂಗ್ ಕ್ಲಾಸಿನ ಮೇಡಮ್, ಹೀಗೆ ಒಬ್ಬೊಬ್ಬರಿಗೆ ಒಂದೊಂದು ವೇಷ ಮೊದಲೇ ಮಾತಾಡಿ ಇಟ್ಟುಕೊಳ್ಳುತ್ತಿದ್ದೆವು. ನೆಪ ಹುಡುಕುವ ಕೆಲಸ ರೋಗಿಯದಷ್ಟೇ ಅಲ್ಲ.

ದೇಹದ ಮಾತನ್ನೂ ಆಡಬೇಕು. ಮೊದಲೆಲ್ಲ ಕೊಡುತ್ತಿದ್ದ ನೆವಿರಾಪಿನ್ ಮಾತ್ರೆಯನ್ನು ಮೊದಲ ಹದಿನಾಲ್ಕು ದಿನ ಅರ್ಧ ಪ್ರಮಾಣದಲ್ಲಿ ಕೊಟ್ಟು, ಮೈಮೇಲೆ ಗುಳ್ಳೆ ಏಳಲಿಲ್ಲವೆಂದರೆ ಪೂರ್ತಿ ಪ್ರಮಾಣಕ್ಕೆ ಏರಿಸಬೇಕಿತ್ತು. ಹದಿನೈದನೇ ದಿನದ ಭೇಟಿ ತಪ್ಪಿದರೆ ಚಿಕಿತ್ಸೆ ಅರ್ಧಕ್ಕೇ ನಿಂತಂತೆ. ಆಮೇಲೆ ಎಫಾವಿರೆಂಜ್ ಬಂತು. ರಾತ್ರಿ ನುಂಗಿದರೆ ತಲೆ ಗಿರ್ ಎನ್ನುವುದು, ಕೆಟ್ಟ ಕನಸು. ಸಾರವೆಯ ಮೇಲೆ ನಿಂತು ಕೆಲಸ ಮಾಡುವ ಗೌಂಡಿಗೆ, ರಾತ್ರಿ ಲಾರಿ ಓಡಿಸುವ ಡ್ರೈವರಿಗೆ ಅದು ಸಣ್ಣ ಅಡ್ಡಪರಿಣಾಮವಲ್ಲ. 2020ರಿಂದೀಚೆಗೆ ಡೊಲುಟೆಗ್ರಾವಿರ್ ಸೇರಿದ ಟಿಎಲ್‌ಡಿ ಎಂಬ ಮಾತ್ರೆ ಬಂದ ಮೇಲೆ ಈ ಕಾಟ ಬಹಳ ಕಡಿಮೆಯಾಗಿದೆ. ದಿನಕ್ಕೊಂದೇ ಮಾತ್ರೆ, ಬೇಕಾದರೆ ಬೆಳಿಗ್ಗೆಯೇ ತಗೊಳ್ಳಬಹುದು. ಕೌನ್ಸೆಲಿಂಗಿನಿಂದ ಆಗದ್ದನ್ನು ಎಷ್ಟೋ ಸಲ ಒಂದು ಒಳ್ಳೆಯ ಔಷಧಿ ಮಾಡುತ್ತದೆ, ಒಪ್ಪಿಕೊಳ್ಳಬೇಕು.

ಇನ್ನೊಂದು ವಿಚಿತ್ರ ಇದೆ. ಬಹಳ ತಡವಾಗಿ, ಸಿಡಿ4 ತೀರ ಇಳಿದ ಮೇಲೆ ಬಂದವರಿಗೆ ಮಾತ್ರೆ ಶುರುವಾಗಿ ಕೆಲವು ವಾರಗಳಲ್ಲಿ ಆರೋಗ್ಯ ಕೆಡುವುದುಂಟು. ಅಷ್ಟು ದಿನ ಮಲಗಿದ್ದ ರೋಗನಿರೋಧಕ ಶಕ್ತಿ ಎಚ್ಚರಗೊಂಡು, ಒಳಗೆ ಅಡಗಿ ಕೂತಿದ್ದ ಟಿಬಿಯಂಥ ಸೋಂಕಿನ ಮೇಲೆ ಬಿದ್ದಾಗ ಜ್ವರ, ಕುತ್ತಿಗೆಯಲ್ಲಿ ಗಡ್ಡೆ. ಔಷಧಿ ಕೆಲಸ ಮಾಡುತ್ತಿದೆ ಎಂಬುದರ ಗುರುತು ಅದು. ಮನೆಯವರಿಗೆ ಕಾಣುವುದು ಮಾತ್ರ ಬೇರೆ: ಗುಳಿಗೆ ತಗೊಂಡ ಮೇಲೆ ಇನ್ನೂ ಕೆಟ್ಟ. ಯಾವ ದಿನ ಓಡಿ ಬರಬೇಕೋ ಅದೇ ದಿನ ಮಾತ್ರೆ ಮೂಲೆಗೆ ಸೇರುತ್ತದೆ, ನಾಟಿ ಔಷಧಿಯವನ ಕಡೆ ಪ್ರಯಾಣ ಶುರುವಾಗುತ್ತದೆ. ಹೀಗಾಗಬಹುದು ಎಂದು ಮೊದಲ ದಿನವೇ ಹೇಳಿ ಕಳಿಸಿದ್ದರೆ ಬರುತ್ತಾರೆ. ಹೇಳಲು ಸಮಯ ಬೇಕು. ಹೊರಗೆ ಬೆಂಚಿನ ಮೇಲೆ ಅರವತ್ತು ಎಪ್ಪತ್ತು ಜನ ಕಾಯುತ್ತಿರುವಾಗ ಸಮಯ ಎಲ್ಲಿಂದ ತರುವುದು?

ಇದಕ್ಕೆ ಉಲ್ಟಾ, ಏನೂ ಆಗದವರು. ಮೊದಲು ಸಿಡಿ4 ಎಣಿಕೆ 200ಕ್ಕಿಂತ ಕೆಳಗೆ ಇಳಿದರಷ್ಟೇ ಮಾತ್ರೆ ಎಂಬ ನಿಯಮವಿತ್ತು, ಆಮೇಲೆ 350, ಮುಂದೆ 500, 2017ರಿಂದ ಎಣಿಕೆ ಎಷ್ಟೇ ಇರಲಿ, ಸೋಂಕು ಗೊತ್ತಾದ ಎಲ್ಲರಿಗೂ. ಒಳ್ಳೆಯ ನಿರ್ಧಾರ. ನಿಯಮಕ್ಕೆ ಕಾಯುತ್ತ ಸತ್ತವರನ್ನು ನೋಡಿದವರಿಗೆ ಅದರ ಬೆಲೆ ಗೊತ್ತು. ಆದರೆ ಹಿಂದೆ ಮಾತ್ರೆ ಶುರುಮಾಡುತ್ತಿದ್ದವನು ಸಾವಿನ ಬಾಗಿಲು ನೋಡಿ ಬಂದಿರುತ್ತಿದ್ದ, ಮಾತ್ರೆಯಿಂದ ಎದ್ದು ಕೂತದ್ದು ಅವನಿಗೇ ಗೊತ್ತಾಗುತ್ತಿತ್ತು. ಈಗ ಗಟ್ಟಿಮುಟ್ಟಾಗಿ ಮೂಟೆ ಹೊರುವ ಹುಡುಗನಿಗೆ ಸೋಂಕು ಗೊತ್ತಾದ ವಾರದಲ್ಲೇ, ಕೆಲವೊಮ್ಮೆ ಅದೇ ದಿನ, ಜೀವನಪೂರ್ತಿಯ ಮಾತ್ರೆ. "ಮೈ ಆರಾಮ್ ಐತ್ರಿ, ಗುಳಿಗಿ ಯಾಕ?" ಎಂಬ ಅವನ ಪ್ರಶ್ನೆಗೆ ವೈರಲ್ ಲೋಡ್ ಗ್ರಾಫು ಉತ್ತರವಾಗುವುದಿಲ್ಲ. ವೈರಾಣು ಪತ್ತೆಯಾಗದಷ್ಟು ಇಳಿದರೆ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಸೋಂಕು ದಾಟುವುದಿಲ್ಲ, ಮದುವೆಯಾಗಬಹುದು, ಆರೋಗ್ಯವಂತ ಮಗು ಪಡೆಯಬಹುದು ಎಂದಾಗ ಮಾತ್ರ ಹುಡುಗ ತಲೆಯೆತ್ತಿ ನೋಡುತ್ತಾನೆ. ಹುಡುಗರ ವಿಷಯದಲ್ಲಿ ಇದಕ್ಕಿಂತ ಕೆಲಸಕ್ಕೆ ಬಂದ ಮಾತು ನನಗೆ ಸಿಕ್ಕಿಲ್ಲ.

ಗಂಡಸರು ಹೆಂಗಸರಿಗಿಂತ ಹೆಚ್ಚು ತಪ್ಪಿಸಿಕೊಳ್ಳುತ್ತಾರೆ, ಇದನ್ನು ನಮ್ಮಲ್ಲೂ ಆಫ್ರಿಕಾದಲ್ಲೂ ಮತ್ತೆ ಮತ್ತೆ ಕಂಡಿದ್ದಾರೆ. ಕೂಲಿ, ಗುಳೆ, ಕುಡಿತ ಮೂರೂ ಇದರಲ್ಲಿವೆ. ಕುಡಿತದ ಬಗ್ಗೆ ಒಂದು ಮಾತು. ಕುಡಿದ ದಿನ ಈ ಮಾತ್ರೆ ತಗೊಂಡರೆ ವಿಷವಾಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಹಾಗೇನಿಲ್ಲ, ಕುಡಿದರೂ ಮಾತ್ರೆ ಬಿಡಬಾರದು. ನಾವು ಕುಡಿಯಬೇಡಿ ಎಂದಷ್ಟೇ ಹೇಳಿ ಬಿಟ್ಟರೆ ಅವನು ಕುಡಿತ ಬಿಡುವುದಿಲ್ಲ, ಮಾತ್ರೆ ಬಿಡುತ್ತಾನೆ. ಉಳಿದ ಮಾತ್ರೆ ಎಣಿಸಿ ಕೇಳುತ್ತಾರೆಂದು ಕೇಂದ್ರವನ್ನೂ ಬಿಡುತ್ತಾನೆ. ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ ಬಂತು. ಟಿಕೆಟಿನ ದುಡ್ಡು ಯಾರ ಹತ್ತಿರ ಕೇಳುವುದು ಎಂಬ ಒಂದು ಗಂಟು ಅಲ್ಲಿಗೆ ಬಿಚ್ಚಿತು. ದುಡ್ಡು ಕೇಳಿದಾಗಲೇ ಅಲ್ಲವೇ ಯಾಕೆ ಎಂಬ ಪ್ರಶ್ನೆ ಬರುವುದು.

ಕಬ್ಬಿನ ಹಂಗಾಮು ಶುರುವಾದರೆ ನಮ್ಮ ಪಟ್ಟಿ ಉದ್ದವಾಗುತ್ತದೆ. ಗಂಡ ಹೆಂಡತಿ ಜೋಡಿಯಾಗಿ ಮುಂಗಡ ತಗೊಂಡು ಗ್ಯಾಂಗಿನ ಜೊತೆ ಹೊರಟರೆ ತಿಂಗಳುಗಟ್ಟಲೆ ಫ್ಯಾಕ್ಟರಿ ಸುತ್ತಿನ ಹೊಲಗಳಲ್ಲಿ ಗುಡಿಸಲು. ಇನ್ನು ಕೆಲವರು ಗೋವಾ, ಪುಣೆ, ಮುಂಬಯಿ. ಗ್ರೀನ್ ಬುಕ್ ತೋರಿಸಿದರೆ ಬೇರೆ ಊರಿನ ಎಆರ್‌ಟಿ ಕೇಂದ್ರದಲ್ಲೂ ಮಾತ್ರೆ ಕೊಡುತ್ತಾರೆ, ಇದು ಗೊತ್ತಿದ್ದವರು ತೀರ ಕಡಿಮೆ. ಗೊತ್ತಿದ್ದವರೂ ಗ್ರೀನ್ ಬುಕ್ ಒಯ್ಯುವುದಿಲ್ಲ. ಒಂದೇ ಗುಡಿಸಲಿನಲ್ಲಿ ನಾಲ್ಕಾರು ಜನ ಮಲಗುವಾಗ ಆ ಪುಸ್ತಕ ಎಲ್ಲಿ ಬಚ್ಚಿಡುವುದು? ಹೊಸಬರಿಗೆ ಒಂದೇ ತಿಂಗಳ ಮಾತ್ರೆ ಎಂಬ ನಿಯಮವನ್ನು ಗುಳೆ ಹೋಗುವವರ ಮಟ್ಟಿಗಾದರೂ ಸಡಿಲಿಸಬೇಕು. 2020ರ ಲಾಕ್‌ಡೌನಿನಲ್ಲಿ ಅನಿವಾರ್ಯವಾಗಿ ಹೆಚ್ಚು ತಿಂಗಳ ಮಾತ್ರೆ ಕೊಟ್ಟು ನೋಡಿದ್ದೇವಲ್ಲ, ಆಕಾಶವೇನೂ ಕಳಚಿ ಬೀಳಲಿಲ್ಲ.

ಕೊನೆಯದಾಗಿ, ನಮ್ಮ ನಾಲಿಗೆ. ಒಂದು ತಾರೀಖು ತಪ್ಪಿದವರು ಮರುದಿನವೇ ಬರಬಹುದಿತ್ತು, ಯಾಕೆ ಎರಡು ತಿಂಗಳು ಬರುವುದಿಲ್ಲ? ಬೈಯುತ್ತಾರೆಂದು. ಇದು ಊಹೆಯಲ್ಲ, ಮರಳಿ ಬಂದವರನ್ನು ಕೇಳಿದಾಗ ಅತಿ ಹೆಚ್ಚು ಸಿಕ್ಕ ಉತ್ತರ ಇದೇ. ಕೆಲವು ಕೇಂದ್ರಗಳಲ್ಲಿ ತಪ್ಪಿಸಿಕೊಂಡವರನ್ನು ಎಲ್ಲರ ಮುಂದೆ ನಿಲ್ಲಿಸಿ "ನಿನ್ನ ಜೀವದ ಕಾಳಜಿ ನಿನಗಿಲ್ಲ, ನಮಗ್ಯಾಕೆ" ಎನ್ನುವುದನ್ನು ಕೇಳಿದ್ದೇನೆ. ಅಂದವರು ಕೆಟ್ಟವರಲ್ಲ, ಸಂಬಳ ತಡವಾಗಿ ಬರುವ, ಗುತ್ತಿಗೆ ಮೇಲೆ ದುಡಿಯುವ, ಟಾರ್ಗೆಟ್ಟಿನಿಂದ ಬೇಸತ್ತವರು. ಆದರೆ ಆ ಒಂದು ಮಾತಿನಿಂದ ಆ ದಿನ ಬೆಂಚಿನ ಮೇಲಿದ್ದ ಹೊಸಬರೆಲ್ಲ ಕಲಿಯುವ ಪಾಠ ಒಂದೇ: ತಪ್ಪಿದರೆ ಮತ್ತೆ ಬರಬೇಡ. ನಮ್ಮ ಕೇರ್ ಕೋಆರ್ಡಿನೇಟರ್ ಇದಕ್ಕೂ ಒಂದು ರೂಢಿ ಹಾಕಿದ್ದರು. ಬಹಳ ದಿನದ ಮೇಲೆ ಬಂದವರನ್ನು ಯಾಕೆ ಬರಲಿಲ್ಲ ಎಂದು ಮೊದಲು ಕೇಳುವಂತಿಲ್ಲ. ಊಟ ಆಯ್ತಾ, ಮಳೆ ಬಂತಾ, ಮಗ ಯಾವ ಕ್ಲಾಸು, ಇವಾದ ಮೇಲೆ ತೂಕ ನೋಡುವುದು. ಕಾರಣ ಅಷ್ಟರಲ್ಲಿ ತಾನಾಗಿ ಹೊರಬರುತ್ತಿತ್ತು.

ಇದನ್ನು ಓದುತ್ತಿರುವವರಲ್ಲಿ ಮಾತ್ರೆ ಶುರುಮಾಡಿ ಬಿಟ್ಟವರು ಒಬ್ಬರಾದರೂ ಇರಬಹುದು, ಅಥವಾ ಅಂಥವರ ಅಣ್ಣನೋ ತಂಗಿಯೋ. ಅವರಿಗಾಗಿ ಇಷ್ಟು. ಎಷ್ಟು ದಿನ ಬಿಟ್ಟಿದ್ದರೂ ಪರವಾಗಿಲ್ಲ, ಹೋಗಿ. ಗ್ರೀನ್ ಬುಕ್ ಕಳೆದಿದ್ದರೂ ಹೋಗಿ, ಹೆಸರು ಅವರ ದಾಖಲೆಯಲ್ಲಿ ಇರುತ್ತದೆ. ಹಳೆಯ ಕೇಂದ್ರಕ್ಕೆ ಹೋಗಲು ಮುಜುಗರವೆಂದರೆ ಬೇರೆ ಜಿಲ್ಲೆಯದಕ್ಕೆ ಹೋಗಿ. ತೂಕ ನೋಡುತ್ತಾರೆ, ಕೆಮ್ಮು ಜ್ವರ ಕೇಳುತ್ತಾರೆ, ರಕ್ತ ತಗೊಳ್ಳುತ್ತಾರೆ. ಡೊಲುಟೆಗ್ರಾವಿರ್‌ಗೆ ಬಗ್ಗದ ಶಕ್ತಿಯನ್ನು ವೈರಾಣು ಸುಲಭವಾಗಿ ಬೆಳೆಸಿಕೊಳ್ಳುವುದಿಲ್ಲವಾದ್ದರಿಂದ ಬಹುತೇಕ ಅದೇ ಮಾತ್ರೆಯನ್ನೇ ಮತ್ತೆ ಶುರುಮಾಡುತ್ತಾರೆ, ಕೆಲವು ತಿಂಗಳ ಮೇಲೆ ವೈರಲ್ ಲೋಡ್ ನೋಡಿ ಮುಂದಿನದನ್ನು ತೀರ್ಮಾನಿಸುತ್ತಾರೆ. ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದಿದ್ದರೆ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಮುಂದಿನ ತಾರೀಖು ಕೊಡುವಾಗ ಕೌನ್ಸೆಲರ್ ಸುಮ್ಮನೆ ಬರೆದುಕೊಡಲು ಹೊರಟರೆ ತಡೆಯಿರಿ. ನಮ್ಮೂರ ಸಂತೆ ಬುಧವಾರ, ಆ ದಿನವೇ ಕೊಡಿ ಎಂದು ಕೇಳಿ. ಕೊಡುತ್ತಾರೆ.